ಮೇ ತಿಂಗಳ ಇಂಡೆಕ್ಸ್

“ಈ ಡೇಟಾಬೇಸ್ ಕಟ್ಟಿದೋರು ಯಾರೋ ನಂಗೆ ಗೊತ್ತಿಲ್ಲ ಹಾನೆಕೆ, ಆದ್ರೆ ಒಂದು ಮಾತು ಹೇಳ್ತೀನಿ. ಆ ಪುಣ್ಯಾತ್ಮರಿಗೆ ಏನನ್ನೂ ಬಿಸಾಕೋ ಅಭ್ಯಾಸವೇ ಇಲ್ಲ.”

ಕಾಫಿ ಯಂತ್ರದ ಗುಂಡಿ ಒತ್ತುತ್ತ ಹೀಗೆಂದವನ ಬೆನ್ನ ಹಿಂದೆಯೇ ಆ ಪುಣ್ಯಾತ್ಮರು ಖಾಲಿ ಕಪ್ ಹಿಡಿದು ನಿಂತಿದ್ದರು. ಮ್ಯಾನೇಜರ್ ಹಾನೆಕೆ ಕಣ್ಣಲ್ಲೇ ಸನ್ನೆ ಮಾಡಿದಳು, ಕೆಮ್ಮಿದಳು, ಕೊನೆಗೆ ಕಿಟಕಿಯ ಕಡೆ ತಿರುಗಿ ನಗು ನುಂಗಿಕೊಂಡಳು. ಅವನಿಗೆ ಯಾವುದೂ ತಿಳಿಯಲಿಲ್ಲ.

“ಒಂದೇ ಟೇಬಲ್‌ಗೆ ಇಷ್ಟೊಂದು ಇಂಡೆಕ್ಸಾ? ಹೂವಿನ ತಳಿಗೊಂದು, ಬೆಳೆದೋರಿಗೊಂದು, ಕೊಂಡೋರಿಗೊಂದು. ಅದೂ ಸಾಲದು ಅಂತ ಹೂ ಇಡೋ ಬಕೆಟ್ ಬಣ್ಣಕ್ಕೂ ಒಂದು! ಬಕೆಟ್ ಬಣ್ಣ ಹಿಡ್ಕೊಂಡು ಯಾರು ಹುಡುಕ್ತಾರೆ, ದೇವರೇ?”

“ಬಕೆಟ್ ತೊಳೆಯೋ ಪೀಟ್ ಹುಡುಕ್ತಾನೆ,” ಎಂದಳು ಹಿಂದೆ ನಿಂತಿದ್ದ ನೀಂಕೆ. “ಪ್ರತಿ ಸೋಮವಾರ. ಸ್ವಲ್ಪ ಜರುಗ್ತೀರಾ? ನಂಗೂ ಕಾಫಿ ಬೇಕು.”

ಅವನು ತಿರುಗಿದ. ಎತ್ತರದ ಆಳು, ಕೆದರಿದ ಗೋಧಿ ಬಣ್ಣದ ಕೂದಲು, ತೋಳು ಸ್ವಲ್ಪ ಗಿಡ್ಡವಾದ ಸ್ವೆಟರ್. ನೋಡನೋಡುತ್ತಲೇ ಅವನ ಕಿವಿಗಳೆರಡೂ ಕೆಂಪಾದವು.

“ಅಂದ್ರೆ, ನೀವು…”

“ಪುಣ್ಯಾತ್ಮರು,” ಎಂದು ನೀಂಕೆ ಕಪ್ ಮುಂದೆ ಚಾಚಿದಳು.

ಯೋರಿಟ್ ಉತ್ತರದ ಗ್ರೋನಿಂಗೆನ್ ಪಟ್ಟಣದಿಂದ ಬಂದಿದ್ದು ಹೀಗೆ, ಜನವರಿಯ ಒಂದು ಕೊರೆಯುವ ಬೆಳಗ್ಗೆ, ಮೊದಲ ಮಾತಿಗೇ ಪೆಚ್ಚಾಗಿ. ಹೂವಿನ ಹರಾಜು ಸಂಘ ಅವನನ್ನು ಕರೆಸಿದ್ದು ಮೇ ತಿಂಗಳವರೆಗೆ ಮಾತ್ರ. ಹರಾಜಿನ ಗಡಿಯಾರಗಳು ವರ್ಷದಿಂದ ವರ್ಷಕ್ಕೆ ನಿಧಾನವಾಗುತ್ತಿದ್ದವು. ಇಲ್ಲಿ ಬೆಲೆ ಕೂಗುವವರಿಲ್ಲ. ಗೋಡೆಯ ಮೇಲಿನ ದೊಡ್ಡ ಗಡಿಯಾರದಲ್ಲಿ ಬೆಲೆ ಮೇಲಿನಿಂದ ಕೆಳಗಿಳಿಯುತ್ತ ಬರುತ್ತದೆ, ಮೊದಲು ಗುಂಡಿ ಒತ್ತಿದವರಿಗೆ ಆ ಗಾಡಿ ಹೂ. ಒತ್ತಿದ ಕ್ಷಣವೇ ಮಾರಾಟ ಡೇಟಾಬೇಸಿನಲ್ಲಿ ಒಂದು ಸಾಲಾಗಿ ಕೂರಬೇಕು, ಆಮೇಲೆಯೇ ಮುಂದಿನ ಗಾಡಿ. ಆ ಟೇಬಲ್ ಹತ್ತಾರು ವರ್ಷಗಳ ಗುಲಾಬಿ, ಟುಲಿಪ್, ಸೇವಂತಿಗೆಗಳನ್ನೆಲ್ಲ ನುಂಗಿ ಉಬ್ಬಿಕೊಂಡಿತ್ತು. ಒಂದೊಂದು ಸಾಲು ಬರೆದಾಗಲೂ ನೀಂಕೆ ಕಟ್ಟಿದ ಅಷ್ಟೂ ಇಂಡೆಕ್ಸ್‌ಗಳಲ್ಲಿ ಅದರ ಗುರುತು ಹಾಕಬೇಕಿತ್ತು. ಹುಡುಕುವುದು ಸುಲಭವಾಗಲೆಂದು ಕಟ್ಟಿದ್ದೇ ಬರೆಯುವುದಕ್ಕೆ ಭಾರವಾಗಿ ಕೂತಿತ್ತು.

ಇದೆಲ್ಲ ನೀಂಕೆಗೆ ಗೊತ್ತಿರಲಿಲ್ಲವೆಂದಲ್ಲ. ಆದರೂ ಹೊರಗಿನವನೊಬ್ಬ ಬಂದು ಕಾಫಿ ಯಂತ್ರದ ಮುಂದೆ ನಿಂತು ಹೇಳಿದರೆ ಯಾರಿಗೆ ಉರಿಯುವುದಿಲ್ಲ ಹೇಳಿ.

* * *

ಮೊದಲ ಎರಡು ವಾರ ಇಬ್ಬರೂ ಒಂದೇ ಮೇಜಿನ ಆಚೆ ಈಚೆ ಕೂತು ಕಚ್ಚಾಡಿದರು.

“ಈ ಟೇಬಲನ್ನ ತಿಂಗಳು ತಿಂಗಳಾಗಿ ಒಡೆದು ಬಿಡೋಣ,” ಎನ್ನುವನು ಅವನು.

“ಬೆಳಗ್ಗೆ ಎದ್ದು ಎಲ್ಲದನ್ನೂ ಒಡೆಯೋಣ ಅಂತಲೇ ಬರ್ತೀರಾ?” ಎನ್ನುವಳು ಇವಳು.

“ಒಡೆಯೋದಲ್ಲ, ಜೋಡಿಸೋದು. ಪಾರ್ಟಿಷನ್.”

“ಹೆಸರಿಟ್ಟರೆ ಒಡೆಯೋದು ಜೋಡಿಸೋದಾಗುತ್ತಾ?”

ಆದರೆ ಒಳಗೊಳಗೇ ಅವನು ಹೇಳುವುದು ಸರಿಯೆಂದು ಅವಳಿಗೆ ಗೊತ್ತಿತ್ತು. ಹಾಗಾಗಿ ಹಾನೆಕೆ ಬಂದು, “ಈ ಪಾರ್ಟಿಷನ್ ಅಂದ್ರೇನು, ನನ್ನಂಥ ದಡ್ಡಿಗೆ ಅರ್ಥ ಆಗೋ ಹಾಗೆ ಹೇಳ್ರಪ್ಪಾ,” ಎಂದಾಗ ಬಾಯಿ ತೆರೆದವಳು ನೀಂಕೆಯೇ.

“ನಿಮ್ಮನೆ ಟಾಯ್ಲೆಟ್ ಗೋಡೆ ಮೇಲೆ ಎಲ್ಲರ ಹುಟ್ಟುಹಬ್ಬ ಬರೆದಿಡೋ ಕ್ಯಾಲೆಂಡರ್ ಇದೆಯಲ್ಲ, ಹಾನೆಕೆ?”

“ಯಾರ ಮನೇಲಿಲ್ಲ?”

“ನಿಮ್ಮ ತಮ್ಮನ ಹುಟ್ಟುಹಬ್ಬ ಅಕ್ಟೋಬರಲ್ಲಿ. ಯಾವ ತಾರೀಕು ಅಂತ ನೋಡೋಕೆ ಜನವರಿಯಿಂದ ಶುರು ಮಾಡ್ತೀರಾ?”

“ನಂಗೇನು ಬೇರೆ ಕೆಲಸ ಇಲ್ವಾ? ಸೀದಾ ಅಕ್ಟೋಬರ್ ಪುಟಕ್ಕೆ ಹೋಗ್ತೀನಿ.”

“ಅಷ್ಟೇ. ನಮ್ಮ ಟೇಬಲ್ ಈಗ ಪುಟಗಳೇ ಇಲ್ಲದ ಒಂದೇ ಒಂದು ಉದ್ದನೆ ಕಾಗದ. ಇವರು ಅದಕ್ಕೆ ತಿಂಗಳಿಗೊಂದು ಪುಟ ಮಾಡ್ತಾರೆ.”

ಹಾನೆಕೆ ತಲೆ ತುರಿಸಿಕೊಂಡಳು. “ಮತ್ತೆ ಯಾವ ತಿಂಗಳು ಅಂತಲೇ ಮರೆತಿದ್ರೆ?”

“ಆಗ ಒಂದೂ ಬಿಡದೆ ಎಲ್ಲಾ ಪುಟ ತಿರುವಬೇಕು,” ಎಂದ ಯೋರಿಟ್. “ಅದಕ್ಕೇ ಇಂಡೆಕ್ಸ್ ಬೇಕು. ಹೆಸರು ನೋಡಿದ್ರೆ ಸಾಕು, ಯಾವ ಪುಟ, ಯಾವ ಸಾಲು ಅಂತ ಅದು ಹೇಳುತ್ತೆ.”

ಹೇಳಿದ್ದು ಹಾನೆಕೆಗೆ, ನೋಡುತ್ತಿದ್ದುದು ನೀಂಕೆಯನ್ನು. ತಾನು ಎಷ್ಟೋ ಕಡೆ ಎಷ್ಟೋ ಜನರಿಗೆ ತಿಣುಕಾಡಿ ವಿವರಿಸಿದ್ದನ್ನು ಟಾಯ್ಲೆಟ್ ಕ್ಯಾಲೆಂಡರಿನಲ್ಲಿ ಮುಗಿಸಿಬಿಟ್ಟಳಲ್ಲ ಎಂಬ ಬೆರಗು ಅವನ ಮುಖದಲ್ಲಿ ಬಚ್ಚಿಡಲಾಗದಂತೆ ಹರಡಿತ್ತು. ನೀಂಕೆ ಪರದೆಯ ಕಡೆ ತಿರುಗಿಕೊಂಡಳು. ಅವಳಿಗೇಕೋ ಕೋಣೆ ಬಿಸಿಯೆನಿಸಿ, ಎದ್ದು ಹೀಟರ್ ಆರಿಸಿದಳು. ಹಾನೆಕೆ “ಏನಿದು, ಚಳಿಗೆ ಸಾಯಿಸ್ತೀಯಾ?” ಎಂದು ಮತ್ತೆ ಹಚ್ಚಿದಳು.

* * *

ಫೆಬ್ರುವರಿಯ ಒಂದು ಭಾನುವಾರ ಮಧ್ಯಾಹ್ನ ನೀಂಕೆ ಅವನನ್ನು ಬಟಾಣಿ ಸೂಪಿಗೆ ಕರೆದಳು. ಹೊರಗಿನಿಂದ ಬಂದವನು, ಬಾಡಿಗೆ ಕೋಣೆಯಲ್ಲಿ ಬ್ರೆಡ್ ತಿಂದುಕೊಂಡಿದ್ದಾನೆ, ಪಾಪ, ಎಂದು ತನಗೆ ತಾನೇ ಹೇಳಿಕೊಂಡಳು. ಹಿಂದಿನ ದಿನವೇ ಸೂಪ್ ಮಾಡಿಟ್ಟು, ಬೆಳಗ್ಗೆ ಎದ್ದು ಕೂದಲು ತೊಳೆದದ್ದಕ್ಕೆ ಮಾತ್ರ ಅವಳ ಬಳಿ ಕಾರಣವಿರಲಿಲ್ಲ.

ಅವನು ಚಮಚವನ್ನು ಸೂಪಿನ ನಡುವೆ ನೆಟ್ಟಗೆ ನಿಲ್ಲಿಸಿ ಕೈಬಿಟ್ಟ. ಸೂಪ್ ಅಷ್ಟು ಗಟ್ಟಿ, ಚಮಚ ಅಲ್ಲಾಡಲಿಲ್ಲ.

“ಇದು ಸೂಪು,” ಎಂದ ಗಂಭೀರವಾಗಿ. “ನಮ್ಮಮ್ಮ ಮಾಡಿದ ಹಾಗೇ ಇದೆ. ಮೊದಲೇ ಹೇಳ್ಬಾರ್ದಿತ್ತಾ, ಜಗಳ ಆಡೋದು ಆವಾಗ್ಲೇ ಬಿಡ್ತಿದ್ದೆ.”

“ಸೂಪಿಗೋಸ್ಕರ ಬಿಡೋ ಜಗಳ ನಂಗೆ ಬೇಡ. ತಪ್ಪು ಅಂತ ಒಪ್ಕೊಂಡು ಬಿಡು.”

“ಬಕೆಟ್ ಬಣ್ಣದ ವಿಷಯದಲ್ಲಿ ಒಪ್ಕೊಂಡಿದ್ದೀನಲ್ಲ?”

ಬಹುವಚನ ಯಾವಾಗ ಬಿದ್ದುಹೋಯಿತೋ ಇಬ್ಬರಿಗೂ ತಿಳಿಯಲಿಲ್ಲ. ಎರಡನೇ ಬಟ್ಟಲು ಮುಗಿಸಿ ಅವನು ಟಾಯ್ಲೆಟ್‌ಗೆ ಹೋದ. ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ.

“ಬದುಕಿದ್ದೀಯಾ?” ಎಂದು ಕೂಗಿದಳು.

“ಓದ್ತಾ ಇದ್ದೀನಿ!” ಎಂಬ ಉತ್ತರ ಬಂತು. ಬಂದು ಕೂತವನ ಕಣ್ಣಲ್ಲಿ ತುಂಟತನವಿತ್ತು, ಅದರ ಹಿಂದೆ ಇನ್ನೇನೋ ಇತ್ತು. “ನಿನ್ನ ಕ್ಯಾಲೆಂಡರಲ್ಲಿ ಹಳೇ ಹೆಸರೆಲ್ಲ ಪೆನ್ನಲ್ಲಿ, ಹೊಸಾ ಹೆಸರೆಲ್ಲ ಪೆನ್ಸಿಲ್ಲಲ್ಲಿ. ಆಗ ತಾನೇ ಹುಟ್ಟಿದ ಮಕ್ಕಳ ಹೆಸರನ್ನೂ ಪೆನ್ಸಿಲ್ಲಲ್ಲೇ ಬರೆದಿದ್ದೀಯಲ್ಲ. ಆ ಕೂಸುಗಳು ಏನು ತಪ್ಪು ಮಾಡಿದ್ವು?”

ನೀಂಕೆ ರೈ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ ಕೂತಳು. ಹಚ್ಚಿದ್ದರ ಮೇಲೇ ಮತ್ತೆ ಹಚ್ಚಿದಳು.

“ನವೆಂಬರ್ ಪುಟದಲ್ಲಿ ಒಂದು ಹೆಸರು ಗೀಚಿ ಹಾಕಿದೆ,” ಎಂದ ಅವನು ಮೆಲ್ಲಗೆ. “ಕಾಗದ ಹರಿಯೋ ಹಾಗೆ.”

“ಬಾಸ್. ಆರು ವರ್ಷ ಇದೇ ಮನೇಲಿದ್ದ. ಆಮೇಲೆ ಹೋದ. ಹೆಸರು ಗೀಚಿ ಹಾಕೋಕೆ ಎಷ್ಟು ಹೊತ್ತು ಹಿಡೀತು ಗೊತ್ತಾ ನಂಗೆ? ಪೆನ್ನು ಅಳಿಸೋಕಾಗಲ್ಲ. ಅದಕ್ಕೇ ಪೆನ್ಸಿಲ್.”

“ಹೊಸ ಕ್ಯಾಲೆಂಡರ್ ತಂದು ಹಾಕ್ಬಹುದಿತ್ತು.”

“ಮಿಕ್ಕೋರೆಲ್ಲ ಇದ್ದಾರಲ್ಲ ಅದರಲ್ಲಿ. ಅವರೇನು ಮಾಡಿದ್ರು?”

ಅವನು ನಗಲಿಲ್ಲ. ಬೆಣ್ಣೆ ದಪ್ಪಗೆ ಮೆತ್ತಿದ ಆ ಬ್ರೆಡ್ ತುಂಡನ್ನು ಅವಳ ಕೈಯಿಂದ ತೆಗೆದುಕೊಂಡು ತಿಂದ.

ಬಾಸ್ ಹೋಗುವಾಗ ಹೇಳಿದ ಮಾತೊಂದನ್ನು ಅವಳು ಯೋರಿಟ್‌ಗೆ ಹೇಳಲಿಲ್ಲ. ‘ನೀನು ಹಿಡಿದದ್ದನ್ನ ಬಿಡೋದೇ ಇಲ್ಲ ನೀಂಕೆ, ಉಸಿರು ಕಟ್ಟುತ್ತೆ ನಂಗೆ’ ಎಂದಿದ್ದ. ಕಾಫಿ ಯಂತ್ರದ ಮುಂದೆ ಯೋರಿಟ್ ಆಡಿದ ಮಾತು ಅಷ್ಟು ಚುಚ್ಚಿದ್ದು ಅದಕ್ಕೇ. ಮುಂದೆಂದೂ ಯಾರನ್ನೂ ಹಿಡಿದು ನಿಲ್ಲಿಸುವುದಿಲ್ಲ, ಹೋಗುವವರು ಹೋಗಲಿ ಎಂದು ಅವಳು ಆವತ್ತೇ ತೀರ್ಮಾನ ಮಾಡಿಯಾಗಿತ್ತು.

* * *

ಮಾರ್ಚ್ ಹೊತ್ತಿಗೆ ಟೇಬಲ್ ತಿಂಗಳು ತಿಂಗಳಾಗಿ ಬೇರೆಯಾಗಿ, ಅಚ್ಚುಕಟ್ಟಾಗಿ ಕೂತಿತ್ತು. ಉಳಿದದ್ದು ಇಂಡೆಕ್ಸ್‌ಗಳ ವಿಚಾರ. ಯಾವ ಇಂಡೆಕ್ಸನ್ನು ಎಷ್ಟು ಸಲ ಬಳಸಲಾಗಿದೆಯೆಂದು ಡೇಟಾಬೇಸ್ ತಾನೇ ಎಣಿಸಿಟ್ಟಿರುತ್ತದೆ. ಇಬ್ಬರೂ ಪಕ್ಕಪಕ್ಕ ಕೂತು ಒಂದೊಂದನ್ನೇ ನೋಡುತ್ತ ಬಂದರು. ಬಕೆಟ್ ಬಣ್ಣದ್ದು ಪೀಟ್‌ನ ದಯೆಯಿಂದ ಉಳಿಯಿತು. ಎಷ್ಟೋ ಹೋದವು. ಕೊನೆಗೆ ತಳಿ ಮತ್ತು ಬೆಳೆಗಾರರನ್ನು ಸೇರಿಸಿ ಕಟ್ಟಿದ ಒಂದು ಇಂಡೆಕ್ಸ್ ಬಂತು. ಎಲ್ಲಕ್ಕಿಂತ ದಪ್ಪ, ಎಲ್ಲಕ್ಕಿಂತ ಭಾರ. ಎದುರಿಗೆ ಬಳಕೆ ಸೊನ್ನೆ.

“ಒಂದು ಸಲವೂ ಇಲ್ಲ,” ಎಂದ ಯೋರಿಟ್. “ಯಾತಕ್ಕೆ ಕಟ್ಟಿದ್ದು ಇದು?”

ನೀಂಕೆ ನೆನಪು ಮಾಡಿಕೊಳ್ಳಲು ನೋಡಿದಳು. ಕೆಲಸಕ್ಕೆ ಸೇರಿದ ಮೊದಲ ವರ್ಷ ಕಟ್ಟಿದ್ದು. ಯಾರೋ ಕೇಳಿದ್ದರು, ಏನೋ ಗಡಿಬಿಡಿಯಿತ್ತು. ಯಾರು, ಯಾತಕ್ಕೆ, ಹೊಳೆಯಲೊಲ್ಲದು.

“ಇದು ಇರಲಿ ಅನ್ಸುತ್ತೆ,” ಎಂದಳು.

“ಯಾಕೆ?”

“ಸುಮ್ನೆ. ಇರಲಿ ಅನ್ಸುತ್ತೆ.”

“ನೋಡಿದ್ಯಾ? ನಾನು ಮೊದಲ ದಿನವೇ ಹೇಳಿದ್ದೆ,” ಎಂದು ಅವನು ನಕ್ಕ. ತಮಾಷೆಯ ನಗು ಅದು, ವಿಷವಿಲ್ಲದ್ದು. ಆದರೆ ನೀಂಕೆಯ ಕಿವಿಗೆ ಬಿದ್ದದ್ದು ಬಾಸ್‌ನ ದನಿ. ಈ ಹುಡುಗನ ಕಣ್ಣಲ್ಲಿ ತಾನು ಹಿಡಿದದ್ದನ್ನು ಬಿಡದವಳಾಗಿ ಕಾಣಬಾರದು ಎಂಬ ಒಂದೇ ಹಟ ಅವಳಿಗೆ ಬಂದುಬಿಟ್ಟಿತು. ಕೀಬೋರ್ಡನ್ನು ತನ್ನೆಡೆಗೆ ಎಳೆದುಕೊಂಡು, ಆ ಇಂಡೆಕ್ಸನ್ನು ತನ್ನ ಕೈಯಾರೆ ತೆಗೆದುಹಾಕಿದಳು.

“ಆಯ್ತಾ? ಬಿಡೋಕೆ ನಂಗೂ ಬರುತ್ತೆ.”

ಯೋರಿಟ್‌ನ ನಗು ನಿಂತಿತು. ಅವಳ ಮುಖವನ್ನೇ ನೋಡಿದ. ಏನೋ ಹೇಳಲು ಬಾಯಿ ತೆರೆದವನು ಹೇಳಲಿಲ್ಲ. ಮರುದಿನದಿಂದ ಗಡಿಯಾರಗಳು ಎಂದೂ ಇಲ್ಲದಷ್ಟು ಚುರುಕಾಗಿ ಓಡಿದವು, ಹಾನೆಕೆ ಎಲ್ಲರಿಗೂ ಆಪಲ್ ಕೇಕ್ ತರಿಸಿದಳು.

* * *

ತಾಯಂದಿರ ದಿನದ ಹಿಂದಿನ ಶುಕ್ರವಾರವೆಂದರೆ ಹರಾಜು ಕಟ್ಟಡದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬೆಳಕು ಹರಿಯುವ ಮೊದಲೇ ಪಿಯೋನಿ, ಗುಲಾಬಿಗಳ ಗಾಡಿಗಳು ಒಂದರ ಬಾಲಕ್ಕೊಂದು ಕಟ್ಟಿಕೊಂಡು ಸಾಲಾಗಿ ನಿಂತಿದ್ದವು. ದೇಶದ ಅಮ್ಮಂದಿರೆಲ್ಲರಿಗೂ ಭಾನುವಾರ ಬೆಳಗ್ಗೆ ಹೂ ಬೇಕು. ಆ ಹೂ ಇವತ್ತು ಇಲ್ಲಿಂದ ಹೊರಡಬೇಕು.

ಆರೂವರೆಗೆ ಮೊದಲ ಗಡಿಯಾರ ತಡವರಿಸಿತು. ಎರಡನೆಯದು ತಡವರಿಸಿತು. ಸ್ವಲ್ಪ ಹೊತ್ತಿಗೆ ಎಲ್ಲವೂ ನಿಂತವು.

ಹಾನೆಕೆ ಓಡಿ ಬಂದಳು. “ಏನಾಯ್ತ್ರೋ? ಕೆಳಗೆ ಪಿಯೋನಿ ಮೊಗ್ಗೆಲ್ಲ ಬಾಯಿ ಬಿಡ್ತಾ ಇವೆ! ಇನ್ನೊಂದು ತಾಸು ಹೋದ್ರೆ ಕೊಳ್ಳೋರು ಮೂಸಿನೂ ನೋಡಲ್ಲ. ವರ್ಷಪೂರ್ತಿ ಬೆವರು ಸುರಿಸಿದ ಬೆಳೆಗಾರರಿಗೆ ನಾನೇನು ಹೇಳ್ಲಿ?”

ನೀಂಕೆ ಪರದೆ ನೋಡಿದಳು. ನೂರಾರು ಕೊಳ್ಳುವವರು ಒಂದೇ ಪ್ರಶ್ನೆ ಕೇಳುತ್ತಿದ್ದರು: ಈ ಬೆಳೆಗಾರನ ಈ ತಳಿ ಹೋದ ತಾಯಂದಿರ ದಿನಕ್ಕೆ ಎಷ್ಟಕ್ಕೆ ಹೋಗಿತ್ತು? ಅವರ ಪರದೆಯ ಮೂಲೆಯಲ್ಲಿ ಅದಕ್ಕೊಂದು ಗುಂಡಿಯಿದೆ. ವರ್ಷದಲ್ಲಿ ಈ ಒಂದು ವಾರ ಬಿಟ್ಟರೆ ಅದನ್ನು ಯಾರೂ ಮುಟ್ಟುವುದಿಲ್ಲ. ಆ ಪ್ರಶ್ನೆಯಲ್ಲಿ ತಳಿಯಿದೆ, ಬೆಳೆಗಾರನಿದ್ದಾನೆ, ಹಬ್ಬದ ಗುರುತಿದೆ, ತಿಂಗಳಿಲ್ಲ. ತಿಂಗಳಿಲ್ಲದ್ದರಿಂದ ಡೇಟಾಬೇಸ್ ಎಲ್ಲ ವರ್ಷಗಳ ಎಲ್ಲ ಪುಟಗಳನ್ನೂ ಮೊದಲಿನಿಂದ ಕೊನೆಯವರೆಗೆ ತಿರುವುತ್ತಿತ್ತು, ನೂರಾರು ಜನರಿಗಾಗಿ, ಒಟ್ಟಿಗೇ.

ಮಾರ್ಚಿನಲ್ಲಿ ತಾನು ತೆಗೆದುಹಾಕಿದ ಆ ದಪ್ಪ ಇಂಡೆಕ್ಸನ್ನು ಯಾರು ಕೇಳಿದ್ದರು, ಯಾತಕ್ಕೆ ಕೇಳಿದ್ದರು, ನೀಂಕೆಗೆ ಈಗ ನೆನಪಾಯಿತು: ಕೊಳ್ಳುವವರು, ಇದೇ ಗುಂಡಿಗಾಗಿ.

“ಆ ಎಣಿಕೆ,” ಎಂದ ಯೋರಿಟ್, ಅವಳ ಬೆನ್ನ ಹಿಂದಿನಿಂದ. “ಡೇಟಾಬೇಸ್ ಹೊಸ ಸರ್ವರಿಗೆ ಬಂದದ್ದು ಹೋದ ಸೆಪ್ಟೆಂಬರಲ್ಲಿ ಅಲ್ವಾ? ಎಣಿಕೆ ಶುರುವಾದದ್ದೂ ಆವಾಗಲೇ. ನಾವು ನಂಬಿದ ಸೊನ್ನೆ ಮೇ ತಿಂಗಳನ್ನ ನೋಡೇ ಇರಲಿಲ್ಲ.”

“ಯಾವುದನ್ನ ತೆಗೆದ್ರಿ? ಯಾರು ತೆಗೆದದ್ದು?” ಎಂದಳು ಹಾನೆಕೆ.

“ನಾನು,” ಎಂದ ಯೋರಿಟ್.

“ಸುಳ್ಳು!” ನೀಂಕೆ ಕುರ್ಚಿಯಿಂದ ಎದ್ದೇಬಿಟ್ಟಳು. “ನಾನು ತೆಗೆದದ್ದು ಹಾನೆಕೆ. ನನ್ನ ಕೈಯಾರೆ. ಇವನು ಯಾಕೆ ಮಧ್ಯೆ ಬರ್ತಿದ್ದಾನೋ ನಂಗೊತ್ತಿಲ್ಲ.”

“ತೆಗೆಯೋಣ ಅಂದೋನು ನಾನು.”

“ಅಂದದ್ದಕ್ಕೂ ಮಾಡಿದ್ದಕ್ಕೂ ವ್ಯತ್ಯಾಸ ಇಲ್ವಾ?”

“ಅಯ್ಯೋ, ಇಬ್ರೂ ಆಮೇಲೆ ಬೇಕಾದಷ್ಟು ಕಿತ್ತಾಡ್ಕೊಳ್ರಪ್ಪಾ!” ಹಾನೆಕೆ ಮೇಜು ಗುದ್ದಿದಳು. “ಈಗ ನಂಗೆ ಗಡಿಯಾರ ನಡೀಬೇಕು!”

ನೀಂಕೆ ಕೂತಳು. “ಇಂಡೆಕ್ಸ್ ಮತ್ತೆ ಕಟ್ಟಬೇಕು. ಆದ್ರೆ ಅಷ್ಟು ದೊಡ್ಡ ಟೇಬಲ್‌ಗೆ ಕಟ್ಟೋಕೆ ಮಧ್ಯಾಹ್ನ ಆಗುತ್ತೆ.”

“ಅಷ್ಟಕ್ಕೂ ಯಾಕೆ?” ಯೋರಿಟ್ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದ. “ಈಗ ಪುಟ ಪುಟ ಬೇರೆ ಇದೆಯಲ್ಲ. ಅವರಿಗೆ ಬೇಕಾದ್ದು…”

“ಹೋದ ಮೇ ಒಂದೇ,” ಎಂದಳು ನೀಂಕೆ. ಅವಳ ಕೈ ಆಗಲೇ ಕೀಲಿಗಳ ಮೇಲಿತ್ತು. “ಆ ಒಂದು ಪುಟಕ್ಕೆ ಮಾತ್ರ ಕಟ್ತೀನಿ. ನೀನು ಆ ಪ್ರಶ್ನೆಗೆ…”

“ತಿಂಗಳು ಸೇರಿಸ್ತೀನಿ. ಬೇರೆ ಪುಟದ ಕಡೆ ತಲೆನೂ ಹಾಕದ ಹಾಗೆ. ಆಗ್ತಾ ಇದೆ. ನೀನು?”

“ಕಟ್ತಾ ಇದೆ. ಬಾ, ಬಾ, ಬೇಗ ಬಾ ಮಹರಾಯ…”

ಅವಳು ಬೇಡಿಕೊಳ್ಳುತ್ತಿದ್ದುದು ಇಂಡೆಕ್ಸನ್ನು. ಹಾನೆಕೆಯ ಕಾಫಿ ಆರುವುದರೊಳಗೆ ಮೇ ತಿಂಗಳ ಇಂಡೆಕ್ಸ್ ಸಿದ್ಧವಾಯಿತು. ಕೆಳಗಿನ ಹರಾಜಿನ ಸಭಾಂಗಣದಿಂದ ಮೊದಲು ಒಂದು ಕೇಕೆ ಕೇಳಿತು, ಆಮೇಲೆ ಗಾಡಿಗಳು ಚಲಿಸುವ ಗಡಗಡ ಸದ್ದು. ಗಡಿಯಾರಗಳು ಓಡತೊಡಗಿದವು. ಪಿಯೋನಿಗಳು ಹೊರಟವು.

ಯೋರಿಟ್‌ನ ಕೈ ಅವಳ ಕೈಯ ಮೇಲಿತ್ತು. ಅದು ಯಾವಾಗ ಬಂತೋ ಇಬ್ಬರೂ ನೋಡಿರಲಿಲ್ಲ. ಈಗ ನೋಡಿದರು. ತೆಗೆಯುವ ಅವಸರ ಯಾರಿಗೂ ಇದ್ದಂತೆ ಕಾಣಲಿಲ್ಲ.

* * *

ಮಧ್ಯಾಹ್ನ ಕಾಲುವೆಯ ದಂಡೆಯ ಬೆಂಚಿನಲ್ಲಿ ಕೂತು ಚೀಸ್ ಬ್ರೆಡ್ ತಿನ್ನುವಾಗ ನೀಂಕೆಯ ಸಿಟ್ಟು ಹೊರಬಂತು.

“ನನ್ನ ತಪ್ಪನ್ನ ಹೊತ್ಕೊಳ್ಳೋಕೆ ನಿಂಗೆ ಯಾರು ಹೇಳಿದ್ರು?”

“ಆ ತಪ್ಪು ನಿಂದಲ್ಲ.”

“ಮತ್ತೆ?”

“ಆವತ್ತು ನಿನ್ನ ಮುಖ ನೋಡಿದ್ದೆ ನಾನು. ನಿಂಗೆ ತೆಗೆಯೋಕೆ ಇಷ್ಟ ಇರಲಿಲ್ಲ. ನಾನು ನಕ್ಕೆ ಅಂತ ನೀನು ತೆಗೆದೆ. ‘ಬೇಡ ಬಿಡು, ಇರಲಿ’ ಅನ್ನೋಕೆ ಬಾಯಿ ತೆರೆದೆ. ಆದ್ರೆ ನಾನು ಗೆದ್ದೆ ಅನ್ನೋ ಖುಷಿ ಇತ್ತಲ್ಲ, ದರಿದ್ರ ಖುಷಿ, ಸುಮ್ನಾಗಿಬಿಟ್ಟೆ.”

ನೀಂಕೆ ಬ್ರೆಡ್ಡಿನ ಅಂಚು ಮುರಿದು ಬಾತುಕೋಳಿಗಳಿಗೆ ಹಾಕಿದಳು. ಆಮೇಲೆ ಬಾಸ್ ಹೋಗುವಾಗ ಹೇಳಿದ ಮಾತನ್ನು ಹೇಳಿದಳು. ಒಂದಕ್ಷರ ಬಿಡದೆ ಪೂರ್ತಿ ಹೇಳಿದಳು.

“ನೀನು ಬಿಡದೆ ಇಟ್ಕೊಂಡಿದ್ದೇ ಇವತ್ತು ಬೇಕಾಗಿತ್ತು ನೀಂಕೆ,” ಎಂದ ಯೋರಿಟ್. “ನಾನೂ ಆ ಎಣಿಕೆ ತರಾನೇ. ಜನವರಿಯಲ್ಲಿ ಬಂದೋನು. ವರ್ಷವನ್ನ ಪೂರ್ತಿ ನೋಡದೆ ತೀರ್ಪು ಕೊಟ್ಟೆ.”

“ಇನ್ನು ನೋಡೋದೂ ಇಲ್ಲವಲ್ಲ. ಈ ತಿಂಗಳ ಕೊನೆಗೆ ಹೋಗ್ತೀಯ.”

“ಹೌದು. ಗ್ರೋನಿಂಗೆನ್‌ನಲ್ಲಿ ಮುಂದಿನ ಕೆಲಸ ಕಾದಿದೆ.” ಅವನು ಅವಳನ್ನೇ ನೋಡುತ್ತ ಕೂತ. ಅವಳು ಏನಾದರೂ ಹೇಳಲಿ ಎಂದು ಕಾಯುತ್ತಿದ್ದಾನೆಂಬುದು ಕುರುಡರಿಗೂ ಕಾಣುವಂತಿತ್ತು.

ಹೋಗಬೇಡ. ಆ ಒಂದು ಮಾತು ನಾಲಿಗೆಯ ತುದಿಯವರೆಗೆ ಬಂದು ಹಿಂದಿರುಗಿತು. ಯಾರನ್ನೂ ಹಿಡಿದು ನಿಲ್ಲಿಸುವುದಿಲ್ಲವೆಂದು ತೀರ್ಮಾನ ಮಾಡಿದವಳಲ್ಲವೆ.

“ಒಳ್ಳೇದಾಗ್ಲಿ,” ಎಂದಳು. “ಹೋಗೋ ಮೊದಲು, ತಿಂಗಳ ಕೊನೇ ಶನಿವಾರ ಮನೆಗೆ ಬಾ. ನನ್ನ ಹುಟ್ಟುಹಬ್ಬ.”

ಅವನು ತಲೆಯಾಡಿಸಿ ಬಾತುಕೋಳಿಗಳ ಕಡೆ ತಿರುಗಿದ. ನೀಂಕೆ ಆವತ್ತು ಸೈಕಲ್ ತುಳಿಯುತ್ತ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡಳು.

* * *

ಆ ತಿಂಗಳ ಕೊನೆಯ ಶನಿವಾರ ನೀಂಕೆಯ ಮನೆಯಲ್ಲಿ ಕುರ್ಚಿಗಳು ದುಂಡಗೆ ಕೂತಿದ್ದವು. ಅಮ್ಮ ಬಂದಿದ್ದಳು, ಅಕ್ಕ ಭಾವ ಬಂದಿದ್ದರು, ಕೋರಿ ಅತ್ತೆ ಬಂದಿದ್ದಳು. ಪಕ್ಕದ ಮನೆಯವರು, ಹಾನೆಕೆ, ಎಲ್ಲರೂ ಮಡಿಲಲ್ಲಿ ಕೇಕಿನ ತಟ್ಟೆ ಇಟ್ಟುಕೊಂಡು ಕೂತಿದ್ದರು. ಬಂದವರು ದುಂಡಗೆ ಸುತ್ತಿ ಎಲ್ಲರ ಕೈ ಕುಲುಕಬೇಕು, ಹುಟ್ಟುಹಬ್ಬದವಳೊಬ್ಬಳಿಗೇ ಅಭಿನಂದನೆ ಹೇಳಿದರೆ ಸಾಲದು. ಅಮ್ಮನಿಗೆ ‘ಮಗಳ ಹುಟ್ಟುಹಬ್ಬಕ್ಕೆ ಅಭಿನಂದನೆ’, ಅಕ್ಕನಿಗೆ ‘ತಂಗಿಯ ಹುಟ್ಟುಹಬ್ಬಕ್ಕೆ ಅಭಿನಂದನೆ’. ಯಾರು ಅವಳಿಗೆ ಏನಾಗಬೇಕೋ ಅವರಿಗೆ ಅದರ ಪಾಲು.

ಯೋರಿಟ್ ತೋಳಿನ ತುಂಬ ಪಿಯೋನಿ ಹಿಡಿದು ಬಂದ. ಅವನ ಪ್ರಯಾಣದ ಚೀಲ ಬಾಗಿಲ ಬಳಿಯ ಹಜಾರದಲ್ಲಿ, ಕೋಟುಗಳ ಕೆಳಗೆ ಕೂತಿತು. ಸಂಜೆಯ ರೈಲು. ನೀಂಕೆ ಹೂ ತೆಗೆದುಕೊಂಡಳು, ಚೀಲವನ್ನು ನೋಡಿಯೂ ನೋಡದಂತೆ ಇದ್ದಳು.

ಅವನು ಎಲ್ಲರ ಕೈ ಕುಲುಕಿ ಕೂತ ಸ್ವಲ್ಪ ಹೊತ್ತಿಗೆ, ಅಡುಗೆಮನೆಯಿಂದ ಬಂದ ಕೋರಿ ಅತ್ತೆ ಅವನ ಮುಂದೆ ನಿಂತು, ಅವನ ಎರಡೂ ಕೈ ಹಿಡಿದು ಜೋರಾಗಿ ಕುಲುಕಿದಳು. ಕೋರಿ ಅತ್ತೆಗೆ ಮೆಲ್ಲಗೆ ಮಾತಾಡಿ ಗೊತ್ತಿಲ್ಲ.

“ನಿಂಗೂ ಅಭಿನಂದನೆ ಕಣಪ್ಪಾ, ನಮ್ಮ ನೀಂಕೆಗಾಗಿ!”

ಚಮಚಗಳ ಸದ್ದು ನಿಂತಿತು. ಗಂಡನಿಗೆ, ಗಂಡನಾಗುವವನಿಗೆ ಹೇಳುವ ಮಾತದು. ಅಮ್ಮ ಅತ್ತೆಯ ಬೆನ್ನನ್ನು ಹಿಂದಿನಿಂದ ತಿವಿದಳು. ಅಕ್ಕ ಕೇಕಿನೊಳಗೆ ಮುಖ ಹಾಕಿದಳು. ಹಾನೆಕೆ ಕಿಟಕಿಯ ಕಡೆ ತಿರುಗಿದಳು, ಅವಳ ಭುಜ ಕುಲುಕುತ್ತಿತ್ತು.

ಯೋರಿಟ್‌ನ ಕಿವಿಗಳು ಆ ಜನವರಿಯ ಬೆಳಗಿನಂತೆಯೇ ಕೆಂಪಾದವು. ‘ಇಲ್ಲ ಅಮ್ಮಾ, ನಾನು ಬರೀ ಜೊತೆ ಕೆಲಸ ಮಾಡೋನು’ ಎಂದರೆ ಮುಗಿಯುತ್ತಿತ್ತು. ಅವನು ಅನ್ನಲಿಲ್ಲ. ಅತ್ತೆಯ ಕೈಯೊಳಗೆ ಕೈ ಬಿಟ್ಟು ನೀಂಕೆಯನ್ನು ನೋಡಿದ. ಏನು ಹೇಳಲಿ, ನೀನೇ ಹೇಳು ಎನ್ನುವ ಆ ನೋಟದಲ್ಲಿ ಬೇಡಿಕೆಯಿತ್ತು, ಭಯವೂ ಇತ್ತು.

ಎಲ್ಲರೂ ಅವಳ ಕಡೆ ತಿರುಗಿದರು. ಹಿಡಿದರೆ ಉಸಿರು ಕಟ್ಟುತ್ತದೆಂದು ಒಬ್ಬ ಹೋಗಿದ್ದ. ಹಿಡಿಯದೆ ಬಿಟ್ಟರೆ ಇವನೂ ಹೋಗುತ್ತಾನೆ, ಸಂಜೆಯ ರೈಲಿಗೆ.

“ಅತ್ತೆ ಹೇಳಿದ್ದಕ್ಕೆ ಥ್ಯಾಂಕ್ಸ್ ಹೇಳೋ,” ಎಂದಳು. “ಹಾಗೇ ಕೂತಿದ್ದೀಯಲ್ಲ.”

“ಥ್ಯಾಂಕ್ಸ್ ಅತ್ತೆ,” ಎಂದ ಯೋರಿಟ್. ಅವನ ದನಿ ಅವನಿಗೇ ಕೇಳಿಸಿತೋ ಇಲ್ಲವೋ.

ಅವಳು ತಟ್ಟೆ ಕೆಳಗಿಟ್ಟು ಹಜಾರಕ್ಕೆ ನಡೆದಳು. ಅವನು ಹಿಂದೆಯೇ ಬಂದ. ಕೋಟುಗಳ ನಡುವೆ ಇಕ್ಕಟ್ಟಿನಲ್ಲಿ ಇಬ್ಬರೂ ಎದುರುಬದುರು ನಿಂತರು.

“ಹೋಗಬೇಡ,” ಎಂದಳು ನೀಂಕೆ. ಹೇಳಿದ ಮೇಲೆ ತಡೆಯಲಾಗಲಿಲ್ಲ. “ನಂಗೆ ಬಿಡೋಕೆ ಬರಲ್ಲ, ಯೋರಿಟ್. ಬರುತ್ತೆ ಅಂತ ತೋರಿಸ್ಕೊಂಡೆ, ಅದು ಸುಳ್ಳು. ನೀನಂದ್ರೆ ನಂಗೆ ಇಷ್ಟ. ತುಂಬಾ ಇಷ್ಟ. ನೀನು ಹೋಗೋದು ನಂಗೆ ಬೇಡ. ಉಸಿರು ಕಟ್ಟಿದ್ರೆ ಈಗಲೇ ಹೇಳಿಬಿಡು.”

“ಜನವರಿಯಿಂದ ಕಟ್ಟಿದ ಉಸಿರು ಈಗ ಬಿಟ್ಟೆ,” ಎಂದ ಅವನು. ಅವಳ ಹಣೆಗೆ ಹಣೆ ತಾಗಿಸಿ ನಿಂತ. “ಕಾಲುವೆ ಹತ್ರ ನೀನು ಈ ಮಾತು ಹೇಳ್ತೀಯ ಅಂತ ಕಾದೆ. ನೀನು ಬಾತುಕೋಳಿಗೆ ಬ್ರೆಡ್ ಹಾಕ್ತಾ ಕೂತೆ, ಕಲ್ಲು ಮನಸ್ಸಿನೋಳು.”

“ನೀನು ಹೇಳ್ಬಹುದಿತ್ತಲ್ಲ?”

“ಹೇಳ್ಬಹುದಿತ್ತು. ಹೆದರಿಕೆ ಆಯ್ತು. ನಂಗೂ ನಿನ್ನ ಬಿಟ್ಟು ಇರೋಕಾಗಲ್ಲ, ನೀಂಕೆ. ಗ್ರೋನಿಂಗೆನ್‌ನೋರಿಗೆ ವಾರಕ್ಕೆ ಎರಡೇ ದಿನ ಬರ್ತೀನಿ ಅಂತ ಹೇಳ್ತೀನಿ. ಒಪ್ಪದಿದ್ರೆ ಬೇರೆ ಕೆಲಸ ಹುಡುಕ್ತೀನಿ. ನೀನು ಮಾತ್ರ ಬಿಡಬೇಡ.”

ಕೋಟಿನ ಗೂಟಗಳ ಪಕ್ಕದಲ್ಲೇ ಟಾಯ್ಲೆಟ್ಟಿನ ಬಾಗಿಲು. ನೀಂಕೆ ಅದನ್ನು ತೆರೆದಳು. ಕ್ಯಾಲೆಂಡರು ಮೇ ಪುಟದಲ್ಲಿತ್ತು, ಅದರ ಪಕ್ಕ ದಾರದಲ್ಲಿ ಪೆನ್ಸಿಲ್ ತೂಗುತ್ತಿತ್ತು.

“ನಿನ್ನ ಹುಟ್ಟಿದ ದಿನ ಇವತ್ತಿನವರೆಗೂ ಹೇಳಿಲ್ಲ ನೀನು.”

“ಕೇಳ್ಲೇ ಇಲ್ವಲ್ಲ. ಆಗಸ್ಟ್.”

ಅವಳು ಆಗಸ್ಟ್ ಪುಟಕ್ಕೆ ತಿರುವಿದಳು. ಅವನು ಪೆನ್ಸಿಲ್ಲಿಗೆ ಕೈ ಹಾಕಿದ. ನೀಂಕೆ ಆ ಕೈಯನ್ನು ಹಿಡಿದು ನಿಲ್ಲಿಸಿದಳು. ಹಜಾರದ ಡ್ರಾಯರಿನಿಂದ ನೀಲಿ ಪೆನ್ನು ತೆಗೆದು ಅವನ ಬೆರಳುಗಳ ನಡುವೆ ಇಟ್ಟಳು.

ಅವನು ಪೆನ್ನನ್ನು ನೋಡಿದ, ಅವಳನ್ನು ನೋಡಿದ. “ಇದು ಅಳಿಸೋಕಾಗಲ್ಲ ಅಂದಿದ್ದೆ ನೀನು.”

“ಗೊತ್ತು. ಬರಿ.”

“ವರ್ಷ?”

“ಇದರಲ್ಲಿ ವರ್ಷ ಇರಲ್ಲ ಕಣೋ. ಪ್ರತಿ ವರ್ಷ ಇದೇ ಪುಟ.”

ಇಕ್ಕಟ್ಟಿನಲ್ಲಿ ಬಾಗಿ, ಗೋಡೆಗೆ ಮೊಣಕೈ ಒತ್ತಿ, ಅವನು ತನ್ನ ಹೆಸರು ಬರೆದ. ಅಕ್ಷರಗಳು ಸೊಟ್ಟಗಾದವು. ಒಳಕೋಣೆಯಿಂದ ಅಮ್ಮನ ದನಿ ಕೇಳಿತು. “ಅಲ್ಲಿ ಯಾರಾದ್ರೂ ಇದ್ರೆ ಬೇಗ ಮುಗಿಸ್ರಪ್ಪಾ, ಕೋರಿಗೆ ಅವಸರ ಅಂತೆ!”

“ಇನ್ನೊಂದು ನಿಮಿಷ ಅಮ್ಮಾ!” ಎಂದು ಕೂಗಿದ ನೀಂಕೆ ಬಾಗಿಲು ಎಳೆದುಕೊಂಡಳು. ಮಸಿ ಒಣಗುವವರೆಗೆ ಇಬ್ಬರೂ ಹೊರಗೆ ಬರಲಿಲ್ಲ.